ಮಿಷನ್ನಿಗೆ ಕಾಲು ತಾಗಿದ್ದು

ರಾಯದುರ್ಗದ ದರ್ಜಿ ಹಂಪಣ್ಣ ಹೆದರುಪುಕ್ಕಲನಲ್ಲ. ಹಾಗಂತ ಅವನೇ ಹೇಳಿಕೊಂಡು ತಿರುಗುತ್ತಿದ್ದ. ಕುವೈತಿಗೆ ಹೋದ ಮೇಲೆ ಆ ಮಾತು ನಿಂತಿತು.

ಅಲ್ಲಿ ಜೀನ್ಸ್ ಹೊಲಿಯುವ ಅಂಗಡಿ ಇಟ್ಟಿದ್ದ ಶಶಿಯೂ ರಾಯದುರ್ಗದವನೇ. ಕೆಲಸ ರಾಶಿ ಬಿದ್ದಿತ್ತು, ಹೊಲಿಯುವ ಕೈ ಇರಲಿಲ್ಲ. ಹೊರಗಿನಿಂದ ದರ್ಜಿಗಳನ್ನು ಕರೆಸಲು ಅವನಿಗೆ ಪರವಾನಗಿ ಸಿಗಲಿಲ್ಲ.

"ಮನೆಗೆಲಸದ ವೀಸಾ ಆದ್ರ ಸಿಗತೈತಿ ಅಣ್ಣಾ, ಅದರ ಮ್ಯಾಲ ಬರ್ರಿ. ತಪಾಸಣಿಗೆ ಬಂದ್ರ ಗಿರಾಕಿ ಅಂತ ಬೆಂಚಿನ ಮ್ಯಾಲ ಕುಂದರ್ರಿ," ಎಂದು ಫೋನಿನಲ್ಲಿ ಹೇಳಿದ್ದ.

ಕಾಗದದಲ್ಲಿ ಯಾರದೋ ಮನೆಯ ಆಳು, ನಿಜದಲ್ಲಿ ದರ್ಜಿ. ಸಿಕ್ಕಿಬಿದ್ದರೆ ಬೆರಳಚ್ಚು ತೆಗೆದು ಊರಿಗೆ ಅಟ್ಟುತ್ತಾರೆ, ಮತ್ತೆ ಒಳಗೆ ಬಿಡುವುದಿಲ್ಲ. ಮಗಳು ತ್ರಿವೇಣಿಯ ನರ್ಸಿಂಗ್ ಓದು ಅಲ್ಲಿಗೆ ಮುಗಿದಂತೆ. ಹೀಗಾಗಿ ಬೂಟಿನ ಸದ್ದು ಕೇಳಿದರೆ ಸಾಕು, ಹಂಪಣ್ಣ ಹೆದರಿ ಹೊಲಿಗೆ ನಿಲ್ಲಿಸಿ ಬಾಗಿಲ ಕಡೆ ನೋಡುತ್ತಿದ್ದ. ಶಶಿಗೇನು ಕಡಿಮೆ ಭಯವೇ? ಅವನ ಅಂಗಡಿಗೇ ಬೀಗ ಬೀಳುವ ಮಾತು.

ಒಂದು ಮಧ್ಯಾಹ್ನ ತಪಾಸಣೆಯವರು ಬಂದೇಬಿಟ್ಟರು. ಶಶಿ ಹೇಳಿಕೊಟ್ಟ ಹಾಗೆ ಹಂಪಣ್ಣ ಬೆಂಚಿನ ಮೇಲೆ ಹೋಗಿ ಕುಳಿತ. ಅಧಿಕಾರಿ ಅವನನ್ನು ಗಿರಾಕಿಯೆಂದೇ ತಿಳಿದು, ಹೊರಡು ಎಂದು ಕೈಸನ್ನೆ ಮಾಡಿದ. ಬದುಕಿದೆಯಾ ಬಡಜೀವವೇ ಎಂದುಕೊಂಡು ಹಂಪಣ್ಣ ಬಾಗಿಲ ಕಡೆ ನಡೆದ. ಆ ಅವಸರದಲ್ಲಿ ಕಾಲು ಮಿಷನ್ನಿಗೆ ತಾಗಿತು.

ಅನ್ನ ಕೊಡುವ ಮಿಷನ್ನಿಗೆ ಕಾಲು ತಾಗಿಸಿ ಸುಮ್ಮನೆ ಹೋಗುವ ದರ್ಜಿ ರಾಯದುರ್ಗದಲ್ಲಿ ಇನ್ನೂ ಹುಟ್ಟಿಲ್ಲ. ಹಂಪಣ್ಣ ಬಗ್ಗಿದ, ಮಿಷನ್ ಮುಟ್ಟಿ ಕೈಯನ್ನು ಕಣ್ಣಿಗೆ ಒತ್ತಿಕೊಂಡ. ತಲೆ ಎತ್ತಿದಾಗ ಅಧಿಕಾರಿ ಅವನನ್ನೇ ನೋಡುತ್ತಿದ್ದ. ಪ್ಯಾಂಟು ಹೊಲಿಸಲು ಬಂದವನು ಮಿಷನ್ನಿಗೆ ನಮಸ್ಕಾರ ಮಾಡುವುದುಂಟೇ? ಅಧಿಕಾರಿ ಹತ್ತಿರ ಬಂದು ಅವನ ಅಂಗೈ ತಿರುಗಿಸಿದ. ಬೆರಳಿಗೆಲ್ಲ ಜೀನ್ಸಿನ ನೀಲಿ ಹತ್ತಿತ್ತು.

ಹಂಪಣ್ಣನನ್ನು ಊರಿಗೆ ಕಳಿಸಿದರು. ಶಶಿಯ ಅಂಗಡಿ ಮುಚ್ಚಿತು.

ಹಂಪಣ್ಣನಿಗೆ ಈಗ ಮತ್ತೆ ರಾಯದುರ್ಗದ ಜೀನ್ಸ್ ಯೂನಿಟ್ಟಿನಲ್ಲೇ ಕೆಲಸ. ಓದು ಬಿಟ್ಟ ತ್ರಿವೇಣಿ ಪಕ್ಕದ ಮಿಷನ್ನಿನಲ್ಲಿ ಜೇಬು ಹೊಲಿಯುತ್ತಾಳೆ. ಮೊನ್ನೆ ಚಹಾಕ್ಕೆ ಏಳುವಾಗ ಹಂಪಣ್ಣನ ಕಾಲು ಮಿಷನ್ನಿಗೆ ತಾಗಿತು. ಅವನು ಬಗ್ಗದೆ ಹಾಗೇ ನಿಂತುಬಿಟ್ಟ.

"ಯಾಕಪ್ಪಾ, ಮುಟ್ಟಿ ನಮಸ್ಕಾರ ಮಾಡಂಗಿಲ್ಲೇನು?" ಎಂದಳು ತ್ರಿವೇಣಿ.

"ಮಾಡ್ತೀನಿ, ತಡಿಯವ್ವ," ಎಂದು ಅವನು ಬಾಗಿಲ ಕಡೆ ನೋಡಿದ. ಯಾರೂ ಬರುತ್ತಿಲ್ಲವೆಂದು ಖಾತ್ರಿಯಾದ ಮೇಲೆಯೇ ಬಗ್ಗಿದ.