ಸೂಲಗಿತ್ತಿ ಅಜ್ಜಿ ತೆಗೆದುಕೊಂಡ ಸಂದರ್ಶನ

ಎಪ್ಪತ್ತರ ದಶಕದ ಕೊನೆ, ನಾನು ಪತ್ರಿಕೋದ್ಯಮ ಓದುತ್ತಿದ್ದೆ. ಪ್ರಾಕ್ಟಿಕಲ್ ಪರೀಕ್ಷೆಗೆ ಒಂದು ಸಂದರ್ಶನ ಆಗಲೇಬೇಕಿತ್ತು. ಕಾಲೇಜಿನ ಒಂದೇ ಒಂದು ಟೇಪ್ ರೆಕಾರ್ಡರನ್ನೂ ಒಂದು ಕ್ಯಾಸೆಟ್ಟನ್ನೂ ಬೇಡಿ ತಂದು, ಅಜ್ಜಂಪುರದ ಹತ್ತಿರದ ಹಳ್ಳಿಯಲ್ಲಿ ಸೂಲಗಿತ್ತಿ ಅಜ್ಜಿಯೊಬ್ಬರ ಮುಂದೆ ಕೂತು ಗುಂಡಿ ಒತ್ತಿದೆ.

"ಅಜ್ಜೀ, ನಿಮ್ಮ ಕಸುಬು..."

"ಅದಿರ್ಲಿ, ನೀ ಯಾರ ಮಗ ಕಣಪ್ಪಾ?"

ಹೇಳಿದೆ.

"ನಿಮ್ಮವ್ವನ ತವರು?"

"ಹಿರೇನಲ್ಲೂರು."

"ಈ ಪೆಟ್ಟಿಗೆ ಹೊತ್ಕಂಡು ತಿರುಗಿದ್ರೆ ನಿಂಗೆ ಹೆಣ್ಣು ಯಾರಪ್ಪಾ ಕೊಡ್ತಾರೆ?"

ಹೀಗೇ ಅಜ್ಜಿ ಒಂದರ ಮೇಲೊಂದು ಕೇಳುತ್ತಾ, ನಾನು ಉದ್ದುದ್ದ ಉತ್ತರ ಕೊಡುತ್ತಿರುವಾಗಲೇ ಕ್ಯಾಸೆಟ್ಟು ಮುಗಿದುಹೋಯಿತು.

ಬೇರೆ ದಾರಿಯಿಲ್ಲದೆ ಅದನ್ನೇ ಪರೀಕ್ಷೆಗೆ ಒಪ್ಪಿಸಿದೆ. ಮೇಷ್ಟ್ರು ಕೇಳಿ, ಕಣ್ಣೀರು ಬರುವಷ್ಟು ನಕ್ಕರು. "ಸಂದರ್ಶನ ಚೆನ್ನಾಗಿದೆ ಕಣಯ್ಯಾ. ಫಸ್ಟ್ ಕ್ಲಾಸ್ ಅಜ್ಜಿಗೆ, ಬರೀ ಪಾಸು ನಿನಗೆ."

ಮುಂದೆ ಕೆಲಸಕ್ಕೆ ಸೇರಿದ ಮೇಲೆ, ಎಂಥಾ ಬಿಗಿ ಮುಖದ ಮಂತ್ರಿ ಎದುರು ಕೂತರೂ ಮೊದಲು ಅವರ ತಾಯಿಯ ತವರೂರು ಕೇಳುತ್ತಿದ್ದೆ. ಆಮೇಲೆ ಅವರ ಮಾತು ನಿಲ್ಲಿಸುವುದೇ ನನಗೆ ಕಷ್ಟವಾಗುತ್ತಿತ್ತು.