ಭೋಗಿ ಬೆಂಕಿಗೆ ಹೋದ ಗಾಳದ ಕೋಲು

ಫೈಬರ್‌ಗ್ಲಾಸ್ ಸುಟ್ಟರೆ ಪೂರ್ತಿ ಬೂದಿಯಾಗುವುದಿಲ್ಲ. ಮೇಲಿನ ಅಂಟು ಉರಿದುಹೋಗಿ, ಒಳಗಿನ ಗಾಜಿನ ನೂಲು ಬೆಳ್ಳಗೆ ಉಳಿಯುತ್ತದೆ. ಇದು ನನಗೆ ಕಳೆದ ವಾರ, ಭೋಗಿಯ ಬೆಳಗ್ಗೆ, ಕ್ರೋಂಪೇಟೆಯ ಅಕ್ಕನ ಮನೆ ಮುಂದೆ ನಿಂತಾಗ ಗೊತ್ತಾಯಿತು. ಗೊತ್ತಾಗದಿದ್ದರೇ ಚೆನ್ನಾಗಿತ್ತು.

ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ. (ಸಿಟ್ಟಿನಲ್ಲಿ ಏನಾದರೂ ಸೇರಿಸಿಬಿಟ್ಟೇನೆಂಬ ಭಯವಿದೆ.)

ನಮ್ಮ ಭಾವ ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರು. ಮೀನು ತಿನ್ನುವವರಲ್ಲ. ಆದರೂ ಪ್ರತಿ ಭಾನುವಾರ ಎಣ್ಣೂರಿನ ಹಿನ್ನೀರಿಗೆ ಹೋಗಿ, ಮೀನು ಹಿಡಿದು, ಮತ್ತೆ ನೀರಿಗೇ ಬಿಟ್ಟು ಬರುತ್ತಿದ್ದರು. ಎರೆಹುಳು ಇಲ್ಲ. ಕೊಕ್ಕೆಗೆ ಕೋಳಿ ಪುಕ್ಕ ಕಟ್ಟಿ ನೊಣದಂತೆ ಮಾಡಿ, ದಪ್ಪ ದಾರವನ್ನು ತಲೆಯ ಮೇಲೆ ಚಾಟಿಯಂತೆ ಬೀಸುವ ಫ್ಲೈ ಫಿಶಿಂಗ್. (ಪುಕ್ಕದ ಡಬ್ಬಿ ಬಾಲ್ಕನಿ ದಾಟಿ ಒಳಗೆ ಬರಕೂಡದೆಂದು ಅಕ್ಕನ ಕಾನೂನು.) "ಸಾಮಿ, ಪುಡಿಚ್ಚ ಮೀನ ಎಂಗಳುಕ್ಕಾವದು ಕುಡು," ಹಿಡಿದದ್ದನ್ನು ನಮಗಾದರೂ ಕೊಡು ಎಂದು ಅಲ್ಲಿನ ಮೀನುಗಾರರು ತಮಿಳಿನಲ್ಲಿ ರೇಗಿಸುತ್ತಿದ್ದರು.

ಕೋಲು ಹಳೆಯ ಫೈಬರ್‌ಗ್ಲಾಸಿನದು. ಜೊತೆಗಿದ್ದ ಆಂಗ್ಲೋ ಇಂಡಿಯನ್ ಡ್ರೈವರ್ ಆಸ್ಟ್ರೇಲಿಯಾಕ್ಕೆ ಹೊರಟಾಗ ಕೊಟ್ಟದ್ದು. ಜೇನಿನ ಬಣ್ಣ, ಕಾರ್ಕಿನ ಹಿಡಿ, ದಾರ ಹಾಯಲು ಉದ್ದಕ್ಕೂ ಸ್ಟೀಲ್ ರಿಂಗುಗಳು. ಈಗಿನ ಗ್ರ್ಯಾಫೈಟ್ ರಾಡುಗಳು ಬಿರುಸು. ಇದು ಹಿಡಿಯವರೆಗೂ ಬಾಗುತ್ತಿತ್ತು. ಹಿಂದಕ್ಕೆ ಬೀಸಿದ ದಾರ ಪೂರ್ತಿ ಬಿಚ್ಚಿಕೊಳ್ಳುವವರೆಗೆ ಸುಮ್ಮನಿರಬೇಕು. ಅವಸರಪಟ್ಟರೆ ದಾರ ಕಾಲ ಬಳಿಯೇ ಮುದ್ದೆಯಾಗಿ ಬೀಳುತ್ತದೆ. (ನನಗೆ ಬಿದ್ದಿದೆ, ನಾಲ್ಕು ಸಲ.)

"ಬೆರಳುದ್ದದ ಮೀನು ಕಚ್ಚಿದ್ರೂ ತಿಮಿಂಗಿಲ ಸಿಕ್ಕ ಹಾಗೆ ಬಗ್ಗುತ್ತೆ ಕಣಯ್ಯ. ಇನ್ನೇನು ಬೇಕು ಮನುಷ್ಯಂಗೆ?" ಎನ್ನುತ್ತಿದ್ದರು ಭಾವ.

ಹಬ್ಬಕ್ಕೆ ಮುಂಚೆ ಮನೆಗೆ ಬಣ್ಣ ಬಳಿಸಿದ್ದರಿಂದ ಸಾಮಾನೆಲ್ಲ ಅಟ್ಟದಲ್ಲಿತ್ತು. ಭೋಗಿಯ ಬೆಳಗ್ಗೆ ಸ್ಟೂಲ್ ಹತ್ತಿ ಒಂದೊಂದನ್ನೇ ಇಳಿಸುತ್ತಿದ್ದವನು ನಾನು. ಕೆಳಗೆ ಅಕ್ಕನ ಮಗ ಕಿಶೋರ್. ಹಳೆಯ ಸೀರೆಯ ಬಟ್ಟೆಯಲ್ಲಿ ಸುತ್ತಿದ ಉದ್ದನೆಯ ಗಂಟು ಕೈಗೆ ಬಂತು.

"ಇದೇನೋ?"

"ಪಳಸು ಮಾಮಾ, ಪೋಡುಂಗೊ." ಹಳೇದು, ಹಾಕಿ ಅಂದ. ಹುಟ್ಟಿದಾಗಿನಿಂದ ಕನ್ನಡ ಕೇಳಿದ ಹುಡುಗ ಉತ್ತರ ಕೊಡುವುದು ತಮಿಳಿನಲ್ಲಿ.

ಕೊಟ್ಟೆ.

ಬೀದಿಯಲ್ಲಿ ಆಗಲೇ ಚಾಪೆ, ಪೊರಕೆ, ಯಾರದೋ ಸೈಕಲ್ ಟೈರು ಉರಿಯುತ್ತಿದ್ದವು. ಕಣ್ಣು ಬಿಡಲಾಗದಷ್ಟು ಹೊಗೆ. ಹಾಲಿನ ಪ್ಯಾಕೆಟ್ ಹಿಡಿದು ಭಾವ ಆ ಹೊಗೆಯೊಳಗಿಂದ ಬಂದಾಗ ಗಂಟಿಗೆ ಸುತ್ತಿದ್ದ ಸೀರೆ ಬಟ್ಟೆ ಸುಟ್ಟುಹೋಗಿತ್ತು. ಕಾರ್ಕ್ ಕೆಂಡವಾಗಿತ್ತು. ಬಾಗುತ್ತಿದ್ದ ಕೋಲು ಬಿಳಿ ಲಾಡಿಯ ಹಾಗೆ ಜೋತುಬಿದ್ದಿತ್ತು.

ಕಿಶೋರ್ ನಗುತ್ತ ಒಳಗೆ ಓಡಿ ಉದ್ದನೆಯ ಹೊಸ ಪೆಟ್ಟಿಗೆ ತಂದ. "ಸರ್ಪ್ರೈಸ್ ಪ್ಪಾ! ಗ್ರ್ಯಾಫೈಟ್. ಸಿಂಗಪುರದಿಂದ ತರಿಸಿದ್ದು." ಈ ಸಲ ಕನ್ನಡದಲ್ಲೇ ಹೇಳಿದ.

ಭಾವ ಪೆಟ್ಟಿಗೆಯ ಕಡೆ ನೋಡಲಿಲ್ಲ. "ಮೊನ್ನೆ ತಾನೇ ರಿಂಗುಗಳಿಗೆಲ್ಲ ಹೊಸ ನೂಲು ಸುತ್ತಿ ವಾರ್ನಿಶ್ ಹೊಡೆದಿದ್ದೆ," ಎಂದರು. ಅಷ್ಟೇ.

"ಹೋಗ್ಲಿ ಬಿಡಿ, ಭೋಗಿ ಅಂದ್ರೆ ಹಳೇದು ಸುಡೋದೇ ಅಲ್ವಾ? ಸಂಪ್ರದಾಯ," ಎಂದಳು ಅಕ್ಕ.

ಸಂಪ್ರದಾಯವಂತೆ! ಹರಿದ ಚಾಪೆ ಸುಡುವುದು ಸಂಪ್ರದಾಯ, ಒಪ್ಪಿದೆ. ಪ್ರತಿ ಭಾನುವಾರ ಕೆಲಸ ಮಾಡುತ್ತಿರುವ ವಸ್ತುವನ್ನು, ಅದರ ಯಜಮಾನ ಹಾಲಿಗೆ ಹೋದಾಗ ನೋಡಿ ಸುಡುವುದು ಯಾವ ಹಬ್ಬ? ಹೊಸದು ಮನೆಗೆ ಬರಲಿ, ಬೇಡವೆಂದವರು ಯಾರು? ಅದು ಬಂದ ಮಾತ್ರಕ್ಕೆ ಇನ್ನೊಂದು ಹಳೆಯದಾಯಿತೆಂದು ತೀರ್ಮಾನಿಸುವ ಅಧಿಕಾರ ಇವರಿಗೆ ಕೊಟ್ಟವರಾರು? ಒಂದು ಮಾತು ಕೇಳಿದ್ದರೆ ಸಾಕಿತ್ತು. ಕೇಳಿದರೆ ಸರ್ಪ್ರೈಸ್ ಕೆಡುತ್ತಿತ್ತಂತೆ!

ಬೆಂಕಿ ಆರಿದ ಮೇಲೆ ಭಾವ ಕಡ್ಡಿಯಿಂದ ಕೆದಕಿ ಸ್ಟೀಲ್ ರಿಂಗುಗಳನ್ನು ಆರಿಸಿಕೊಂಡು, ತೊಳೆದು, ಪುಕ್ಕದ ಡಬ್ಬಿಯಲ್ಲಿಟ್ಟರು. ಮೊನ್ನೆ ಭಾನುವಾರ ಎಣ್ಣೂರಿಗೆ ಹೋಗಲಿಲ್ಲ. ಹೊಸ ರಾಡಿನ ಪ್ಲಾಸ್ಟಿಕ್ ಕವರನ್ನೂ ಬಿಚ್ಚಿಲ್ಲ.

ಕಿಶೋರನಿಗೆ ಬೈಯಬೇಕೆಂದು ಎರಡು ಸಲ ಫೋನ್ ಎತ್ತಿ ಇಟ್ಟಿದ್ದೇನೆ. ಬೆಂಕಿಗೆ ಹಾಕಿದ್ದು ಅವನೇ, ನಿಜ.

ಸ್ಟೂಲ್ ಮೇಲೆ ನಿಂತ ನನಗೆ ಆ ಗಂಟು ಬಿಚ್ಚಿ ನೋಡಲು ಎಷ್ಟು ಹೊತ್ತು ಬೇಕಾಗಿತ್ತು?