ಮೊಟ್ಟೆ ಟ್ರೇಯಲ್ಲಿ ಹದಿನಾಲ್ಕು ಸ್ಕ್ರೂ

ಬೇರೆಯವರು ಅಂಗಿಯ ಜೇಬಿನಲ್ಲಿ ಪೆನ್ನು ಇಟ್ಟುಕೊಂಡರೆ ಅವನು ಹತ್ತನೇ ನಂಬರಿನ ಸ್ಪ್ಯಾನರ್ ಇಟ್ಟುಕೊಳ್ಳುತ್ತಿದ್ದ. ಅದಕ್ಕೇ ಬೀದಿಯ ಮಕ್ಕಳು ಅವನನ್ನು ಸ್ಪ್ಯಾನರ್ ಮಾಮ ಎಂದರು. ಬರಬರುತ್ತಾ ದೊಡ್ಡವರ ಬಾಯಲ್ಲೂ ಅದೇ ನಿಂತಿತು. ನೀರು ಸರಬರಾಜು ಕಚೇರಿಯ ಹಿಂಭಾಗದಲ್ಲಿ, ಸದಾ ಒದ್ದೆಯಾಗಿರುವ ಉದ್ದನೆಯ ಕೋಣೆಯಲ್ಲಿ ಅವನ ಕೆಲಸ. ಮನೆಗಳಿಂದ ಕಳಚಿ ತಂದ ನೀರಿನ ಮೀಟರುಗಳಲ್ಲಿ ನೂರು ಲೀಟರ್ ಹರಿಸಿ, ಮುಳ್ಳು ನೂರೆಂದೇ ತೋರಿಸುತ್ತದೆಯೋ ಇಲ್ಲವೋ ನೋಡುವುದು. ಇಪ್ಪತ್ತಾರು ವರ್ಷ ಅದನ್ನೇ ಮಾಡಿದವನಿಗೆ ಒಂದು ನಂಬಿಕೆ ಗಟ್ಟಿಯಾಗಿತ್ತು: ಮನುಷ್ಯ ಜೋಡಿಸಿದ್ದನ್ನು ಮನುಷ್ಯ ಬಿಚ್ಚಬಹುದು, ಬಿಚ್ಚಿದ ಕ್ರಮ ನೆನಪಿದ್ದರೆ ಮತ್ತೆ ಜೋಡಿಸಬಹುದು. ಕ್ರಮ ತಪ್ಪದಿರಲಿ ಎಂದು ಒಂದು ಮೊಟ್ಟೆ ಟ್ರೇ ಇಟ್ಟುಕೊಂಡಿದ್ದ. ಮೂವತ್ತು ಗುಳಿ, ಪ್ರತಿ ಗುಳಿಗೂ ಒಂದು ಅಂಕೆ. ಮೊದಲು ಬಿಚ್ಚಿದ ಸ್ಕ್ರೂ ಒಂದನೇ ಗುಳಿಗೆ, ಆಮೇಲಿನದು ಎರಡನೆಯದಕ್ಕೆ.

ಆ ಟ್ರೇಯ ಬಲದ ಮೇಲೆ ಹಳೇ ಕಾರನ್ನು ಹತ್ತೊಂಬತ್ತು ವರ್ಷ ಓಡಿಸಿದ್ದ. ಒಮ್ಮೆಯೂ ಗ್ಯಾರೇಜಿನ ಮುಖ ತೋರಿಸಿರಲಿಲ್ಲ. ಹೋದ ವರ್ಷ ಹೆಂಡತಿಯ ತಮ್ಮ ಬಂದು, "ಭಾವ, ಇದು ಕಾರಾ, ಕೆಮ್ಮೋ ತಾತನಾ? ಕಾಲಕ್ಕೆ ತಕ್ಕ ಹಾಗೆ ಇರಿ" ಎಂದು ದಿನಾ ತಲೆ ತಿಂದು ಹೊಸದನ್ನು ಕೊಳ್ಳಿಸಿದ. ಹಳೆಯದನ್ನು ತನ್ನ ಪೇಂಟ್ ಅಂಗಡಿಯ ಡಬ್ಬ ಸಾಗಿಸಲು ತಾನೇ ಕೊಂಡ. ಕೆಮ್ಮೋ ತಾತನೆಂದು ಬೈದದ್ದನ್ನು ಆಗ ಮರೆತಿದ್ದ.

ಈಗ ಪೇಚಾಟಕ್ಕೆ ಕಾರಣವಾದದ್ದು ಒಂದು ಬಲ್ಬು. ಸೋಮವಾರ ಹನ್ನೊಂದಕ್ಕೆ ಮಗಳ ಡ್ರೈವಿಂಗ್ ಪರೀಕ್ಷೆ. ನರ್ಸಿಂಗ್ ಮುಗಿಸಿದ್ದ ಅವಳಿಗೆ ರೋಗಿಗಳ ಮನೆಮನೆಗೆ ಹೋಗಿ ನೋಡುವ ಕೆಲಸ ಸಿಕ್ಕಿತ್ತು. ಒಂದನೇ ತಾರೀಖಿನೊಳಗೆ ಲೈಸೆನ್ಸ್ ತೋರಿಸಬೇಕು. ಈ ಪರೀಕ್ಷೆ ತಪ್ಪಿದರೆ ಮುಂದಿನ ದಿನಾಂಕ ಏಳು ವಾರದಾಚೆ, ಅಷ್ಟರಲ್ಲಿ ಕೆಲಸ ಬೇರೆಯವರ ಪಾಲು. ಶನಿವಾರ ಸಂಜೆ ಹೊಸ ಕಾರಿನ ಮುಂದಿನ ಎಡಗಡೆಯ ದೀಪ ಹೋಯಿತು. ದೀಪ ಉರಿಯದ ಕಾರನ್ನು ಪರೀಕ್ಷೆಯವರು ಗೇಟಿನೊಳಕ್ಕೇ ಬಿಡುವುದಿಲ್ಲ.

"ಹತ್ತು ನಿಮಿಷದ ಕೆಲಸ, ನೀನು ಟೀ ಕುಡಿಯೋದ್ರೊಳಗೆ ಆಗುತ್ತೆ" ಎಂದು ಮಗಳಿಗೆ ಹೇಳಿ ಭಾನುವಾರ ಬೆಳಿಗ್ಗೆ ಏಳಕ್ಕೆ ಬಾನೆಟ್ ಎತ್ತಿದ. ಕಂಡದ್ದು ಮುಚ್ಚಳದ ಮೇಲೊಂದು ಮುಚ್ಚಳ. ದೀಪದ ಹಿಂದೆ ಎರಡು ಬೆರಳೂ ಹೋಗದಷ್ಟು ಸಂದು. ಕಾರಿನ ಪುಸ್ತಕ ತೆರೆದ. ಮುನ್ನೂರ ಹನ್ನೆರಡು ಪುಟಗಳಲ್ಲಿ ಬಲ್ಬಿನ ಬಗ್ಗೆ ಇದ್ದದ್ದು ಒಂದೇ ಸಾಲು: ಬಲ್ಬ್ ಬದಲಿಸಲು ನಮ್ಮ ಸರ್ವಿಸ್ ಕೇಂದ್ರವನ್ನು ಸಂಪರ್ಕಿಸಿ. ಫೋನ್ ಮಾಡಿದರೆ ಗುರುವಾರ ಬನ್ನಿ ಎಂದರು. ಹೇಳಿದ ಮೊತ್ತಕ್ಕೆ ಹಳೇ ಕಾರಿಗೆ ಎರಡು ಟೈರು ಬರುತ್ತಿತ್ತು.

ಅವನಿಗೆ ಪಿತ್ತ ನೆತ್ತಿಗೇರಿತು. ಅಂಗಳದಲ್ಲಿ ಬೆಡ್‌ಶೀಟ್ ಹಾಸಿ, ಎಂದಿನಂತೆ ಮೊದಲು ಬ್ಯಾಟರಿಯ ತಂತಿ ಕಳಚಿ, ಬಂಪರಿಗೇ ಕೈ ಹಾಕಿದ. ನಾಲ್ಕನೇ ಸ್ಕ್ರೂವಿಗೆ ನಕ್ಷತ್ರದಾಕಾರದ ತಲೆ. ಅದಕ್ಕೆ ತಕ್ಕ ಉಪಕರಣ ಹುಡುಕಿ ಎರಡು ಬೀದಿ ಅಲೆದ. ಒಂಬತ್ತನೆಯದು ಚಕ್ರದ ಹಿಂದೆ ಅಡಗಿತ್ತು. ಮೂರು ಪ್ಲಾಸ್ಟಿಕ್ ಕೊಂಡಿಗಳು ಪಟಪಟನೆ ಮುರಿದವು. ಹನ್ನೆರಡೂವರೆಗೆ ಬಂಪರ್ ಬೆಡ್‌ಶೀಟಿನ ಮೇಲೆ ಮಲಗಿತ್ತು, ಟ್ರೇಯ ಹದಿನಾಲ್ಕು ಗುಳಿ ತುಂಬಿದ್ದವು.

ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. "ಅಲ್ರೀ, ಬಲ್ಬ್ ಹಾಕ್ತೀನಿ ಅಂತ ಹೋಗಿ ಕಾರಿನ ಮೂತೀನೇ ಕಿತ್ತಿಟ್ಟಿದ್ದೀರಲ್ಲ!"

"ಮೂತಿ ಕೀಳದೆ ಕಣ್ಣಿಗೆ ಕೈ ಹೋಗಲ್ಲ ಅಂತ ಮಾಡಿಟ್ಟೋರನ್ನ ಕೇಳು."

"ಅವರು ಸಿಗಲ್ಲ, ನೀವು ಸಿಗ್ತೀರಿ. ಬಂದು ಊಟ ಮಾಡಿ."

ಊಟಕ್ಕೆ ಏಳಲಿಲ್ಲ. ಹೊಸ ಬಲ್ಬು ಕೂರಿಸಿ, ಬ್ಯಾಟರಿಯ ತಂತಿ ಸಿಕ್ಕಿಸಿದ. ದೀಪ ಝಗ್ಗನೆ ಉರಿಯಿತು. ಗೆದ್ದೆನೆಂದು ಮಗಳ ಕಡೆ ನೋಡಿ ಸ್ಟಾರ್ಟ್ ಗುಂಡಿ ಒತ್ತಿದ. ಕಾರು ಮಿಸುಕಲಿಲ್ಲ. ಸ್ಟಿಯರಿಂಗ್ ಕಲ್ಲಿನಂತೆ ಕೂತಿತ್ತು. ಗಾಜಿನ ಪರದೆಯ ಮೇಲೆ ಒಂದು ಕೀಲಿಕೈಯ ಚಿತ್ರ, ಅದರ ಮೇಲೆ ಕೆಂಪು ಗೆರೆ.

ಮತ್ತೆ ಫೋನು. ಆ ಕಡೆಯ ಹುಡುಗಿ ಮೆತ್ತಗೆ ಕೇಳಿದಳು, "ಸರ್, ಬ್ಯಾಟರಿ ತೆಗೆದ್ರಾ?"

"ಕರೆಂಟಿನ ಕೆಲಸ ತಾಯಿ, ಮೊದಲು ಬ್ಯಾಟರಿ ತೆಗೀಬೇಕಲ್ವಾ?"

"ಈ ಕಾರಲ್ಲಿ ತೆಗೀಬಾರ್ದು ಸರ್. ತೆಗೆದ್ರೆ ಅದಕ್ಕೆ ಕೀ ಮರ್ತು ಹೋಗುತ್ತೆ."

"ಮರ್ತು ಹೋಗುತ್ತಾ? ಒಂದು ವರ್ಷದಿಂದ ನಾನೇ ಓಡಿಸ್ತಿದ್ದೀನಲ್ಲಮ್ಮ!"

"ಕಂಪ್ಯೂಟರ್ ತಂದು ಮತ್ತೆ ಪರಿಚಯ ಮಾಡಿಸ್ಬೇಕು ಸರ್. ಗುರುವಾರ ಬರ್ತೀವಿ."

ಫೋನ್ ಇಟ್ಟು ಅವನು ಬಂಪರಿನ ಪಕ್ಕ ಕುಕ್ಕರಿಸಿದ. ಜೀವನದಲ್ಲಿ ಒಂದೇ ಒಂದು ಸಲವೂ ಬಿಡದೆ ಪಾಲಿಸಿದ ಎಚ್ಚರವೇ ಈಗ ತಪ್ಪಾಗಿತ್ತು. ಮಗಳು ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಆದರೆ ಅವಳು ಅಂದದ್ದು ಇಷ್ಟೇ, "ಅಪ್ಪ, ಮಾವನ ಹತ್ರ ಹಳೇ ಕಾರಿದೆಯಲ್ಲ."

ಪೇಂಟ್ ಅಂಗಡಿಯಲ್ಲಿ ನಡೆದದ್ದೆಲ್ಲ ಕೇಳಿ ಭಾವಮೈದುನ ನಗುವುದಕ್ಕೆ ಪೂರ್ತಿ ಐದು ನಿಮಿಷ ತೆಗೆದುಕೊಂಡ. "ಭಾವ, ಕಾರು ಒಯ್ಯಿರಿ. ಆದ್ರೆ ಬಂಪರ್ ಮಾತ್ರ ಅದರ ಮೈಮೇಲೇ ಇರ್ಲಿ!"

ಸ್ಪ್ಯಾನರ್ ಮಾಮ ಕಿವಿಗೆ ಹಾಕಿಕೊಳ್ಳಲಿಲ್ಲ. ಅವನ ಕಿವಿ ಆಗಲೇ ಎಂಜಿನ್ ಕಡೆ ಇತ್ತು. ಕ್ಲಚ್ಚಿನ ಕೇಬಲ್ ಸವೆದು ಸಡಿಲವಾಗಿತ್ತು. ಹೊಸದು ಹಾಕೋಣವೆಂದರೆ ಭಾನುವಾರ, ಬಿಡಿಭಾಗದ ಅಂಗಡಿ ಮುಚ್ಚಿತ್ತು. ಬಾನೆಟ್ ಎತ್ತಿ ಮಗಳನ್ನು ಕರೆದ. "ಇಲ್ಲಿ ನೋಡು, ರೆಕ್ಕೆಯಿರೋ ನಟ್ಟು. ಸ್ಪ್ಯಾನರ್ ಬೇಡ, ಬೆರಳಲ್ಲೇ ತಿರುಗುತ್ತೆ. ಗೇರ್ ಹಾಕುವಾಗ ಕರಕರ ಅಂದ್ರೆ ಎಂಜಿನ್ ನಿಲ್ಲಿಸಿ ಎರಡು ಸುತ್ತು ಬಿಗಿ ಮಾಡು." ಒಂದು ವರ್ಷ ಗೇರಿಲ್ಲದ ಹೊಸ ಕಾರಿನಲ್ಲಿ ಕಲಿತಿದ್ದವಳು ಪೇಂಟ್ ಅಂಗಡಿಯ ಮುಂದಿನ ಇಳಿಜಾರಿನಲ್ಲಿ ಸಂಜೆಯವರೆಗೆ ಹದಿನೇಳು ಸಲ ಎಂಜಿನ್ ನಿಲ್ಲಿಸಿಕೊಂಡಳು. ಹದಿನೆಂಟನೇ ಸಲ ಏರಿಸಿದಳು. ಎಣಿಸುತ್ತಿದ್ದವನು ಅವನೇ.

ಸೋಮವಾರ ಪರೀಕ್ಷೆಯ ಮೈದಾನದಲ್ಲಿ ಮನೆಯವರಿಗೆ ಹಗ್ಗದಾಚೆ ಒಂದು ಬೆಂಚು. ಅವನು ಕೂತ, ಎದ್ದ, ಮತ್ತೆ ಕೂತ. ಮೊದಲ ಸುತ್ತು ಚೆನ್ನಾಗಿ ಹೋಯಿತು. ಏರಿನ ಬುಡಕ್ಕೆ ಬಂದಾಗ ಮೈದಾನವೆಲ್ಲ ಕೇಳುವಂತೆ ಕರ್ರ್ ಎಂದಿತು. ಇನ್ನೊಮ್ಮೆ ಕರ್ರ್. ಗೇರು ಬೀಳುತ್ತಿಲ್ಲ. ಎಂಜಿನ್ ಸದ್ದು ನಿಂತಿತು.

ಬಾಗಿಲು ತೆರೆಯಿತು, ಮಗಳು ಕೆಳಗಿಳಿದಳು. ಮುಗಿಯಿತು ಎಂದು ಅವನು ಅಂದುಕೊಂಡ. ಅವಳು ಪರೀಕ್ಷಕನ ಕಿಟಕಿಯ ಬಳಿ ಬಗ್ಗಿ ಏನೋ ಕೇಳಿದಳು. ಪರೀಕ್ಷಕ ಬೇಗ ಎಂಬಂತೆ ತನ್ನ ಗಡಿಯಾರ ತೋರಿಸಿದ. ಅವಳು ಬಾನೆಟ್ ಎತ್ತಿದಳು.

"ಹತ್ತನೇ ನಂಬರ್ ಬೇಕಾ?" ಎಂದು ಸ್ಪ್ಯಾನರ್ ಎತ್ತಿ ಹಿಡಿದು ಇವನು ಕೂಗಿದ. ಕಾವಲಿನವನು, "ಯಜಮಾನ್ರೇ, ಬಾಯಿ ಮುಚ್ಕೊಂಡು ಕೂತ್ಕೊಳ್ಳಿ, ಇಲ್ಲಾಂದ್ರೆ ಹೊರಗೆ ನಡೀರಿ" ಎಂದು ಗದರಿದ. ಮಗಳು ತಿರುಗಿ ನೋಡದೆ ಬರಿಗೈ ಎತ್ತಿ ಬೇಡವೆಂದು ಆಡಿಸಿದಳು. ಒಂದು ನಿಮಿಷವೂ ಆಗಿರಲಿಲ್ಲ; ಬಾನೆಟ್ ಮುಚ್ಚಿ ಒಳಗೆ ಕೂತಳು. ಈ ಸಲ ಗೇರು ಸದ್ದಿಲ್ಲದೆ ಬಿತ್ತು. ಕಾರು ಒಂದು ಗೇಣೂ ಹಿಂದೆ ಜಾರದೆ ಏರು ಹತ್ತಿತು.

ಪರೀಕ್ಷಕ ಸಹಿ ಹಾಕಿದ ಕಾಗದ ಹಿಡಿದು ಬಂದಳು. ಅದರ ಅಂಚಿನಲ್ಲಿ ಅವಳ ಹೆಬ್ಬೆರಳಿನ ಕಪ್ಪು ಗ್ರೀಸ್ ಗುರುತು.

"ಎರಡು ಸುತ್ತು ಸಾಲ್ಲಿಲ್ಲ ಅಪ್ಪ. ಮೂರು ಹಾಕ್ದೆ."

ಅವನು ಕಾಗದವನ್ನು ಎರಡು ಸಲ ಓದಿದ. "ಮೂರು ಜಾಸ್ತಿ ಆಯ್ತು. ಅಷ್ಟು ಬಿಗಿಯಾದ್ರೆ ಕ್ಲಚ್ ಸವೆಯುತ್ತೆ. ಬಾ, ಅರ್ಧ ಸುತ್ತು ಹಿಂದಕ್ಕೆ ತಿರುಗಿಸು."

ತಿರುಗಿಸಿದಳು. ಮನೆಯ ಕಡೆ ಅವಳೇ ಓಡಿಸಿದಳು. ಅಂಗಳದ ಬಂಪರು, ಮೂರು ಮುರಿದ ಕೊಂಡಿ, ಗುರುವಾರ ಬರುವ ಕಂಪ್ಯೂಟರು ಎಲ್ಲ ಅವನಿಗೆ ನೆನಪಾದವು.

"ಮನೆಗೆ ಹೋದ್ಮೇಲೆ ಮಾವನಿಗೆ ಫೋನ್ ಮಾಡಿ, ಗುರುವಾರದವರೆಗೆ ಕಾರು ನಮ್ಮ ಹತ್ರಾನೇ ಇರುತ್ತೆ ಅನ್ನು" ಎಂದ.

"ಗುರುವಾರ ವಾಪಸ್ ಕೊಡ್ತೀಯಾ?"

ಅವನು ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟ. "ಹೊಸ ಕೇಬಲ್ ಹಾಕ್ಬೇಕು. ಹಾಕಿದ್ಮೇಲೆ ಒಂದಷ್ಟು ದಿನ ಓಡಿಸಿ ನೋಡ್ದೆ ಹೇಗೆ ಕೊಡೋದು?"